ಅಳತೆ

ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದ ಮೂರನೇ ದಿನ
ಭದ್ರಾವತಿಯ ಈ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ
ಇವರು ಮೊದಲ ಸಲ ಚಾಕು ಹಿಡಿದರು.

ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತವರು.
"ಬೀನ್ಸ್ ಎಷ್ಟು ಎಂ.ಎಂ.?"
ಪಲ್ಯಕ್ಕೆ ಯಾರಾದರೂ ಹಾಗೆ ಕೇಳುತ್ತಾರೆಯೇ!
ಕಡಲೆಬೇಳೆ ಗಾತ್ರ, ಅಂದೆ.
ಡಬ್ಬಿ ತೆಗೆದು, ಒಂದೇ ಒಂದು ಬೇಳೆ
ಹಲಗೆಯ ಮೂಲೆಗೆ ಇಟ್ಟುಕೊಂಡರು.

ಹಲಗೆ ಜಾರುತ್ತೆ, ಅಡಿಗೆ ಒದ್ದೆಬಟ್ಟೆ ಹಾಕಿ.
ಈರುಳ್ಳಿ ಎರಡು ಹೋಳು ಮಾಡಿ ಬೋರಲು ಮಲಗಿಸಿ.
ಬುಡ ಈಗಲೇ ತೆಗೀಬೇಡಿ,
ಪದರವೆಲ್ಲ ಅದನ್ನೇ ನೆಚ್ಚಿಕೊಂಡಿವೆ.
ಚಾಕುವಿನ ಮೂತಿ ಹಲಗೆ ಬಿಡದಿರಲಿ,
ಹಿಂಬದಿ ಮಾತ್ರ ಏಳಲಿ, ಬೀಳಲಿ.
ಒತ್ತಬೇಡಿ. ಹರಿತವಿದ್ದರೆ ತಾನೇ ಇಳಿಯುತ್ತೆ.

"ಇದು ಹರಿತವೇ?"
ಉಗುರಿಗೆ ಹಚ್ಚಿ ನೋಡಿ ಎದ್ದುಹೋದರು.
ಹಿತ್ತಲಲ್ಲಿ ಅರ್ಧ ಗಂಟೆ ಸಾಣೆಕಲ್ಲಿನ ಸದ್ದು.
ಮೊಂಡು ಚಾಕಲ್ಲೇ ಇಷ್ಟು ವರ್ಷ ಗುದ್ದಾಡಿದ್ದೆ,
ಇವರು ಅಲ್ಲಿ ಉಕ್ಕು ಕಡೆಯುತ್ತಿದ್ದರು.
ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಎಡಗೈ ಬೆರಳ ತುದಿ ಒಳಗೆ ಮಡಚಿ,
ಗೆಣ್ಣು ಮುಂದಿರಲಿ,
ಅಲಗು ಅದಕ್ಕೇ ಒರಗಿ ನಡೆಯಲಿ.
ಮಡಚಿದರು. ಉಂಗುರದ ಬೆರಳಿಗೆ
ಮಡಚಲು ತುದಿಯೇ ಇಲ್ಲ,
ತೊಂಬತ್ತೆರಡರ ರಾತ್ರಿ ಪಾಳಿಯಲ್ಲಿ ಹೋದದ್ದು.
"ಇದೊಂದು ಆಗಲೇ ಕಲಿತುಬಿಟ್ಟಿದೆ ನೋಡು."

ನಗಬೇಕೋ ಬೇಡವೋ ತಿಳಿಯದೆ
ಒಲೆ ಹಚ್ಚಿ, ಸಾಸಿವೆ ಎಲ್ಲಿದೆ ಅಂತ ಹೇಳಿದೆ.

ಒಂದೂವರೆಗೆ ಪಲ್ಯವಾಯಿತು. ಉಪ್ಪು ಕಮ್ಮಿ.
ಬೀನ್ಸ್ ಮಾತ್ರ ಅಚ್ಚಿನಿಂದ ಬಿದ್ದ ಹಾಗೆ.
ಉಂಡೆದ್ದು, ಕೈ ಒರೆಸಿಕೊಂಡು,
ಅಳತೆಗಿಟ್ಟ ಆ ಒಂದು ಬೇಳೆಯನ್ನು
ತಿರುಗಿ ಡಬ್ಬಿಗೆ ಹಾಕಿದರು.