ಹಳ್ಳದವರ ವಂಶಾವಳಿ

ಪುಟಕ್ಕೆ ನಾಲ್ಕು ರೂಪಾಯಿ.
ಕೈಬರಹ ತೀರ ಕೆಟ್ಟಿದ್ದರೆ ಆರು.
ಬೆಳಗಾವಿಯ ಶಹಾಪುರದಲ್ಲಿ, ಸೀರೆ ಅಂಗಡಿಯ ಅಟ್ಟದ ಮೇಲೆ
ನಾವು ಹನ್ನೊಂದು ಜನ
ಸತ್ತ ಡಚ್ಚರ ಹೆಸರು ಕುಟ್ಟುತ್ತೇವೆ.

ನನ್ನ ಪಾಲಿಗೆ ಬಂದದ್ದು
ಹಡ್ಸನ್ ನದಿಯ ದಂಡೆಯ ಒಂದು ಚರ್ಚಿನ ವಹಿ.
ಇಲಿ ತಿಂದ ಅಂಚು, ನೀರು ಕುಡಿದ ಶಾಯಿ,
ಚಳಿಗೆ ನಡುಗಿದ ಯಾರದೋ ಕೈ.

ಯಾನ್. ಹಡಗಿನಿಂದ ಇಳಿದವನು.
ಯಾನನ ಮಗ ಪೀಟರ್ ಯಾನ್ಸನ್.
ಪೀಟರನ ಮಗ ಹೆಂಡ್ರಿಕ್ ಪೀಟರ್ಸನ್.
ತಲೆಮಾರಿಗೊಮ್ಮೆ ಪೊರೆ ಕಳಚಿ
ಹಾವು ಮುಂದೆ ಹೋಗುತ್ತದೆ,
ನಾನು ಪೊರೆ ಹಿಡಿದು ಕೂತಿರುತ್ತೇನೆ.

ರಾತ್ರಿ ವಡಗಾವಿಯಲ್ಲಿ, ಪಕ್ಕದ ಮನೆಯ ಮಗ್ಗ ನಿಂತ ಮೇಲೆ
ಅಪ್ಪ ಕೇಳುತ್ತಾನೆ:
"ಇವತ್ತ ಯಾರ ಮನಿತನಾ ಓದಿದಿ?"

ಅಪ್ಪ ಹೆಳವ.
ರಾಯಬಾಗ ಕಡೆಯ ನಲವತ್ತೆರಡು ಹಳ್ಳಿ ಅವನ ನಾಲಗೆಯ ಮೇಲಿವೆ.
ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಹೊದ್ದು,
ಕೋಳಿ ಕೂಗುವ ಹೊತ್ತಿಗೆ ಗಂಟೆ ಬಾರಿಸಿದರೆ
ಯಜಮಾನನಿಗೇ ಗೊತ್ತಿರದ ಮುತ್ತಜ್ಜ
ಅಂಗಳಕ್ಕೆ ಇಳಿದು ಬರುತ್ತಿದ್ದ.
ಎತ್ತು ಮಾರಿ ಆರು ವರ್ಷವಾಯಿತು.
ಗಂಟೆ ಮೊಳೆಗೆ ತೂಗಿದೆ.

ಹೇಳಿದೆ: ಇಂಗ್ಲಿಷರು ಬಂದು ಊರು ಕಸಿದುಕೊಂಡರು,
ಆಮೇಲೆ ಇವರೆಲ್ಲ ಒಂದೇ ಅಡ್ಡಹೆಸರಿಗೆ ಕಟ್ಟುಬಿದ್ದರು,
ವಾನ್ ಬೇಕ್.
ಬೇಕ್ ಅಂದರೆ ಹಳ್ಳ, ವಾನ್ ಅಂದರೆ ಆ ಕಡೆಯವರು.

"ಹಂಗಾರ ಹಳ್ಳದವರು ಅನ್ನು!
ಹಾರೂಗೇರಿಯೊಳಗ ನಾಕ ಮನಿ ಅದಾವ.
ಇವರ ಬೆಡಗ ಯಾವದು?"
ಬೆಡಗಿಲ್ಲಪ್ಪಾ.
"ಹೆಣ್ಣ ತಂದದ್ದು ಎಲ್ಲಿಂದ?"
ಹೊಳೆಯ ಆಚೆಯವಳು, ನೀಲ್ತ್ಯೆ ಅಂತ.
ಮದುವೆಯಾದರೂ ತಂದೆಯ ಹೆಸರು ಬಿಟ್ಟಿಲ್ಲ.
"ನೀಲವ್ವ," ಅಂದ ಅಪ್ಪ,
ನಿನ್ನೆ ತಾನೇ ಅವಳ ಕೈಯಿಂದ ಜೋಳ ಇಸಿದುಕೊಂಡವನಂತೆ.

ಗುರುವಾರ ಹೆಂಡ್ರಿಕನ ಮೃತ್ಯುಪತ್ರ ಬಂತು.
ಹಿರಿಯ ಮಗನಿಗೆ ಗಿರಣಿ, ಕಿರಿಯವನಿಗೆ ಹುಲ್ಲುಗಾವಲು,
ಮಗಳು ಆನ್ನೆಕೆಗೆ
ಗರಿ ತುಂಬಿದ ಹಾಸಿಗೆ, ಎರಡು ಆಕಳು,
ದೀನ್ ಎಂಬ ಒಂಬತ್ತು ವರ್ಷದ ಕರಿಯ ಹುಡುಗಿ,
ಆರು ಬೆಳ್ಳಿ ಚಮಚ.

ಪರದೆಯ ಮೇಲೆ ಖಾನೆಗಳು: ಹೆಸರು, ತಂದೆ, ತಾಯಿ, ಅಡ್ಡಹೆಸರು.
ಕೆಂಪು ಚುಕ್ಕೆಯದು ಖಾಲಿ ಬಿಟ್ಟರೆ
ಮುಂದಿನ ಪುಟ ತೆರೆಯುವುದಿಲ್ಲ.
ಕೈ ಎತ್ತಿದೆ. ಪಾಟಣಕರ ಸರ್ ಬಗ್ಗಿ ನೋಡಿದರು:
"ಸಾಮಾನಿನ ಯಾದಿ ಬಿಡ್ರಿ.
ಮನಷಾರ ಹೆಸರಷ್ಟ ಹೊಡೀರಿ."

ಆ ರಾತ್ರಿ ಇದನ್ನೂ ಹೇಳಿದೆ.
ಅಪ್ಪ ಮಾತಾಡಲಿಲ್ಲ.
ಕೆಂಪು ಬಟ್ಟೆ ಬಿಚ್ಚಿ ತನ್ನ ಹೊತ್ತಿಗೆ ತೆಗೆದ,
ಮಂಜಾದ ಕಣ್ಣಿಗೆ ಹಾಳೆ ಒತ್ತಿಕೊಂಡು
ಒಂದೊಂದೇ ತಿರುವಿದ, ಏನೋ ಕಳೆದವನ ಹಾಗೆ.
"ಕಾಳ ಕೊಟ್ಟವರ ವಂಶಾ ಬರದೀವಿ.
ಕೊಡಾಕ ಇಲ್ಲದವರ ಬಾಗಲಕ
ನಮ್ಮ ಎತ್ತ ಹೋಗಲಿಲ್ಲ."
ಮತ್ತೆ ತಡೆದು,
"ಆ ಹುಡುಗಿ ಯಾರನ್ನ ಹಡದಳು?"
ಗೊತ್ತಿಲ್ಲಪ್ಪಾ.
"ಹುಡುಕು."

ಊಟದ ಬಿಡುವಿನಲ್ಲಿ ಹುಡುಕಿದೆ, ಕೂಲಿಯಿಲ್ಲದೆ.
ಹದಿನೇಳು ದಿನ ಬರೀ ಹಳ್ಳದವರೇ ಸಿಕ್ಕರು,
ಹುಟ್ಟಿದರು, ಜಗಳಾಡಿ ಹೊಲ ಪಾಲು ಮಾಡಿಕೊಂಡರು, ಸತ್ತರು.
ವಹಿಯ ಹಿಂಬದಿಯಲ್ಲಿ, ತಲೆಕೆಳಗಾಗಿ ಬರೆದ ಒಂದು ಹಾಳೆಯಲ್ಲಿ
ಒಂದೇ ಸಾಲು:
ಟಾಮ್, ದೀನಳ ಮಗ.

ಅಡ್ಡಹೆಸರಿನ ಖಾನೆಯಲ್ಲಿ ಅವಳ ಹೆಸರನ್ನೇ ಹೊಡೆದೆ.
ಸೋಮವಾರ ಕೆಂಪಾಗಿ ವಾಪಸು ಬಂತು.
ಮತ್ತೆ ಹೊಡೆದೆ. ಮತ್ತೆ ಬಂತು.
ನಾಲ್ಕು ರೂಪಾಯಿ ಮುರಿದುಕೊಂಡರು.

ಅಪ್ಪ ಹೊತ್ತಿಗೆಯ ಕೊನೆಯ ಹಾಳೆ ಬಿಚ್ಚಿ ಕೊಟ್ಟ,
"ನಿನ್ನ ಅಕ್ಷರಾ ಚಲೋ ಅದಾವ, ನೀನ ಬರಿ.
ದೀನವ್ವ. ಊರು ತಿಳೀದು. ಬೆಡಗು ತಿಳೀದು.
ಆಕೀ ಮಗಾ ಟಾಮ."

ಬರೆದು ಗೆರೆ ಎಳೆಯಹೋದೆ.
ಕೈ ಹಿಡಿದ.
ಸಾಲಿನ ಕೆಳಗೆ ತನ್ನ ನಾಲ್ಕು ಬೆರಳು ಅಡ್ಡ ಇಟ್ಟು
"ಇಷ್ಟು ಜಾಗಾ ಬಿಡು," ಅಂದ.