ಗಿಡ್ಡ ಕಾಲಿನ ಸ್ಟೂಲು

ಪುಣೆಯ ಶನಿವಾರ ಪೇಠೆಯಲ್ಲಿ, ನಮ್ಮ ಹಿಟ್ಟಿನ ಗಿರಣಿಯ ಎದುರು
ಒಂದು ಗೋಡೆ. ಯಾರದೂ ಅಲ್ಲ.
ಹಿಂದಿನ ವಾಡೆ ಬಿದ್ದು, ಮುಂದಿನ ಕಟ್ಟಡ ಕೋರ್ಟಿನಲ್ಲಿ ಕೂತು
ನಡುವೆ ಉಳಿದದ್ದು.

ಮೇ ತಿಂಗಳ ಕೊನೆಗೆ ಶರ್ವರಿ ಎಂಬ ಹುಡುಗಿ
ಅದಕ್ಕೆ ಸುಣ್ಣ ಬಳಿದಳು,
ಡಬ್ಬಿ ತುಂಬ ನೀಲಿ ಸೀಮೆಸುಣ್ಣ ಇಟ್ಟಳು,
ಮೇಲೆ ಮರಾಠಿಯಲ್ಲಿ ಒಂದು ಸಾಲು:
ಅವತ್ತು ನೀರು ನಿಮಗೆ ಎಲ್ಲಿಯವರೆಗೆ ಬಂದಿತ್ತು?

ಯಾವತ್ತು ಎಂದು ಈ ಓಣಿಯಲ್ಲಿ ಯಾರೂ ಕೇಳುವುದಿಲ್ಲ.
ಅರವತ್ತೊಂದು. ಪಾನ್‌ಶೇತ್ ಒಡೆದ ದಿನ.
ನಾನು ಹುಟ್ಟಿದ್ದು ಮೂರು ವರ್ಷದ ಮೇಲೆ,
ಆದರೂ ಮನೆಯಲ್ಲಿ ಒಂದು ಸೌಟು ಕಳೆದರೂ
ಆ ನೀರಿಗೇ ಹೋಯಿತು ಎಂಬುದನ್ನು ಕೇಳಿ ಬೆಳೆದವನು.

ಗಿರಣಿಯ ಸ್ಟೂಲು ಕೇಳಿದಳು, ಕೊಟ್ಟೆ.
ಕೊಟ್ಟವನೇ ಹಿಡಿದೂ ನಿಲ್ಲಬೇಕಾಯಿತು;
ಅದಕ್ಕೊಂದು ಕಾಲು ಗಿಡ್ಡ.

ಪೋಸ್ಟಿನ ಬಿಡ್ಕರ್ ನಾನಾ ಮೊದಲು ಬಂದರು,
ಬಗ್ಗಿ, ಸೊಂಟದೆತ್ತರಕ್ಕೆ ಗೆರೆ ಎಳೆದರು.
ಇಷ್ಟೇನಾ? ಎಂದೆ.
ಇದು ಕುತ್ತಿಗೆ, ಅಂದರು. ಆಗ ನನಗೆ ಆರು ವರ್ಷ.

ಸುಮತಿಬಾಯಿ ವೈದ್ಯರಿಗೆ ಸ್ಟೂಲೂ ಸಾಲಲಿಲ್ಲ.
ಬೆರಳ ತುದಿಯಲ್ಲಿ ಸೀಮೆಸುಣ್ಣ ನಿಲ್ಲಿಸಿ
ಇನ್ನೂ ಮೇಲೆ, ಇನ್ನೂ ಮೇಲೆ ಎಂದು
ಎಪ್ಪತ್ತೆಂಟರಲ್ಲಿ ಹಾರಲು ನೋಡಿದರು.
ಗಟ್ಟಿಯಾಗಿ ಕಾಲು ಹಿಡಿದುಕೊಂಡೆ.

ಬ್ಯಾಂಡಿನ ಹುಸೇನ್‌ಭಾಯಿ ಗೆರೆ ಎಳೆಯಲೇ ಇಲ್ಲ.
ಬಾಯಿ ಕೆಳಗಾದ ಒಂದು ತುತ್ತೂರಿ ಬರೆದ. ಅಪ್ಪನದು.
ಎಂಟು ದಿನ ತೊಳೆದರೂ ಮದುವೆ ಮೆರವಣಿಗೆಯಲ್ಲಿ
ಸ್ವರಕ್ಕಿಂತ ಮೊದಲು ಮರಳು ಬರುತ್ತಿತ್ತಂತೆ,
ಮದುಮಗನ ಮೇಲೆ.
ಹೇಳುತ್ತ ಅವನೇ ನಕ್ಕ. ಆಮೇಲೆ ನಾವು.

ಮೂರನೇ ದಿನ ನೀರಾವರಿ ಇಲಾಖೆಯ ಹುಡುಗನೊಬ್ಬ
ಟೇಪು ಹಿಡಿದು ಬಂದು ಅಳೆದ.
ನಲವತ್ತು ಗೆರೆಗಳಲ್ಲಿ ಒಂದೂ
ಅವನ ಕಾಗದಕ್ಕೆ ಕೂಡಲಿಲ್ಲ.
ಪಾಪ, ಬಿಸಿಲಲ್ಲಿ ಬಂದಿದ್ದಾನೆ ಎಂದು
ಸುಮತಿಬಾಯಿಯೇ ಟೇಪಿನ ಇನ್ನೊಂದು ತುದಿ ಹಿಡಿದು ನಿಂತರು.

ಅವ್ವ ಬಂದದ್ದು ಕೊನೆಯ ದಿನ, ಮಧ್ಯಾಹ್ನದ ನಿದ್ದೆ ಮುಗಿಸಿ.
ಅಥಣಿಯಿಂದ ಸೊಸೆಯಾಗಿ ಬಂದು
ಆಗ ಅವಳಿಗೆ ಎರಡೇ ತಿಂಗಳು.
'ನೀರು ನಾ ಎಲ್ಲಿ ನೋಡೇನೋ?
ಮಾಳಿಗಿ ಮ್ಯಾಲ ಅತ್ತಿ ನನ್ನ ಕಣ್ಣ ಮುಚ್ಚಿ ಹಿಡಿದಿದ್ಲು.
ಬರೇ ಸಪ್ಪಳ.
ಅತ್ತಿ ಕೈ ಉಳ್ಳಾಗಡ್ಡಿ ನಾರತಿತ್ತು.'

ಹಾಗಂದು ನೆಲಕ್ಕೇ ಕೂತಳು.
ಎಲ್ಲರ ಗೆರೆಗಳ ಕೆಳಗೆ, ಗೋಡೆಯ ಬುಡದಲ್ಲಿ
ಹಾಲಿನವನ ಲೆಕ್ಕದ ಹಾಗೆ ಗಿಡ್ಡ ಗಿಡ್ಡ ಗೀಟು
ಒಂದು, ಎರಡು, ಮೂರು, ನಾಲ್ಕು, ಐದು, ಆರು.
ಇವೇನು?
'ನಳ ಬರಲಾರದ ದಿನ.
ಊರೆಲ್ಲ ನೀರಾಗಿ ಹೋದ ಮ್ಯಾಲ ಕುಡಿಯಾಕ ನೀರಿಲ್ಲ.
ಬಾಜೂ ಮನಿಯಾಕಿ ತನ್ನ ತಂಬಿಗಿಯಿಂದ ಅರ್ಧಾ ಸುರುವಿದ್ಲು.
ಹೆಸರ ಕೇಳಾಕ ನನಗ ಮರಾಠಿ ಬರ್ತಿರಲಿಲ್ಲ.
ಬರೋದ್ರಾಗ ಆಕಿ ಓಣಿ ಬಿಟ್ಟಿದ್ಲು.'

ಆರಲ್ಲ, ಏಳು, ಎಂದರು ಸುಮತಿಬಾಯಿ; ಏಳನೆಯದು ಎಳೆದರು.
ಅವ್ವ ಸೆರಗಿನಿಂದ ಒರೆಸಿದಳು.
ಅವರು ಮತ್ತೆ ಎಳೆದರು.
ಇಬ್ಬರೂ ಸೋಲಲಿಲ್ಲ.
ಅರ್ಧ ಅಳಿಸಿದ ಆ ಗೀಟಿನ ಫೋಟೋವನ್ನು
ಶರ್ವರಿ ಮೂರು ಸಲ ತೆಗೆದಳು.

ಜೂನಿನಲ್ಲಿ ಎರಡೇ ಮಳೆ ಸಾಕಾಯಿತು,
ಗೋಡೆ ಬೆಳ್ಳಗೆ.
ಸ್ಟೂಲು ಗಿರಣಿಗೆ ವಾಪಸು ಬಂತು, ಮೈತುಂಬ ನೀಲಿ ಪುಡಿ.
ಒರೆಸಬೇಕಿತ್ತು, ಒರೆಸಲಿಲ್ಲ.
ಅದರ ಮೇಲೆ ಗೋಧಿ ಡಬ್ಬಿ, ಜೋಳದ ಡಬ್ಬಿ ಇಟ್ಟು
ಸರದಿಗೆ ಕಾಯುತ್ತಾರೆ,
ಹಿಟ್ಟಿನ ಬಿಸಿಯೊಡನೆ ತಳದಲ್ಲಿ ಒಂಚೂರು ನೀಲಿ ಒಯ್ಯುತ್ತಾರೆ.

ನಿನ್ನೆ ಬಿಡ್ಕರರ ಮನೆ ಸೊಸೆ ತಕರಾರು ತಂದಳು:
ಅಡಿಗೆ ಕಟ್ಟೆಯ ಮೇಲೆ ದುಂಡಗೆ ಏನೋ ನೀಲಿ ಕಲೆ, ನಿಮ್ಮ ಗಿರಣಿಯದೇ.
ಒದ್ದೆ ಬಟ್ಟೆಯಲ್ಲಿ ಒರೆಸಿ, ಹೋಗುತ್ತದೆ ಎಂದೆ.
ನೋಡೋಣ, ಅಂದಳು,
ಸಂಜೆ ನೀರು ಬಿಡಲಿ.