ಒಂದೂವರೆ ಬಾಕಿ

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಬೇಕಮ್ಮ, ಅಂದಿದ್ದರು ಮಾವ,
ಪೇಟೆಬೀದಿಯ ಸ್ಟುಡಿಯೋ ಬೀಗದ ಕೈ ಕೊಟ್ಟ ದಿನ.
ಎಣ್ಣೆಯೇನೋ ಇದೆ. ಕಣ್ಣಲ್ಲಲ್ಲ, ಗಾಜಿನ ಮೇಲೆ:
ಹುಬ್ಬಿನದು, ರೆಪ್ಪೆಯದು,
ಮಂಡ್ಯದ ಮಾರ್ಚ್ ತಿಂಗಳ ಬೆವರಿನದು.
ಕ್ಯಾಮೆರಾದ ಕಿಂಡಿಗೆ ಒತ್ತಿದಷ್ಟು ಸಲ
ಬಲಗಾಜಿಗೊಂದು ಹೊಸ ಮಬ್ಬು.
ಸೆರಗಲ್ಲಿ ಒರೆಸಿ ಒರೆಸಿ
ಗುಂಡನೆಯ ಗೀರು ಬಿದ್ದಿದೆ,
ಬಳೆ ಇಟ್ಟು ಗೆರೆ ಎಳೆದ ಹಾಗೆ.

ಕನ್ನಡಕ ಹಾಕಿಕೊಂಡೇ ನೋಡಿದರೆ
ಕಿಂಡಿಗೂ ಕಣ್ಣಿಗೂ ನಡುವೆ ಬೆರಳಗಲ ದೂರ.
ಆ ಬೆರಳಗಲದಲ್ಲಿ ಮೂಲೆಗಳು ಕಾಣುವುದಿಲ್ಲ,
ಕಾಣದ ಮೂಲೆಗಳಲ್ಲಿ
ಕರೆಯದವರು ಬಂದು ನಿಂತಿರುತ್ತಾರೆ.
ಕ್ಯಾತುಂಗೆರೆಯ ಮದುವೆಯಲ್ಲಿ ನಾನು ತೆಗೆದದ್ದು ಧಾರೆ;
ತೊಳೆದು ನೋಡಿದರೆ ಎಡಕ್ಕೆ
ಹೋಳಿಗೆ ಮಡಚಿ ಜೇಬಿಗಿಳಿಸುತ್ತಿರುವ ಹುಡುಗ,
ಬಲಕ್ಕೆ ಗಂಡಿನ ಸೋದರತ್ತೆ,
ಕಂಬಕ್ಕೆ ಮುಖ ತಿರುಗಿಸಿ ಅಳುತ್ತಿದ್ದಾಳೆ.
ಕತ್ತರಿಸಿ ಕೊಡಿ ಅಂದರು. ಕೊಟ್ಟೆ.
ಕತ್ತರಿಸಿದ್ದನ್ನು ಮಾತ್ರ ಎಸೆದಿಲ್ಲ.

ಕನ್ನಡಕ ತೆಗೆದರೋ
ನಾಲ್ಕು ಮೂಲೆಯೂ ಸಿಗುತ್ತವೆ, ಮುಖ ಸಿಗುವುದಿಲ್ಲ.
ಕಿಂಡಿಯ ಪಕ್ಕಕ್ಕೊಂದು ಪುಟ್ಟ ಚಕ್ರವಿದೆ,
ತಿರುಗಿಸಿದರೆ ಮೈನಸ್ ಮೂರರ ತನಕ ಬರುತ್ತದೆ.
ನನ್ನದು ನಾಲ್ಕೂವರೆ.
ಒಂದೂವರೆ ಯಾವತ್ತೂ ಬಾಕಿ.

ಮೊನ್ನೆ ಬೂದನೂರಿನ ದ್ಯಾವಮ್ಮ ಬಂದಿದ್ದರು,
ಪಿಂಚಣಿಗೆ ಎರಡು ಪ್ರತಿ ಬೇಕಂತೆ.
ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸನೆ.
ಅವರದೂ ಸೋಡಾಬುಡ್ಡಿ; ದೀಪ ಹಾಕಿದರೆ
ಕಣ್ಣಿದ್ದ ಜಾಗದಲ್ಲಿ ಎರಡು ಟ್ಯೂಬ್‌ಲೈಟು.
ಕನ್ನಡ್ಕ ತೆಗೀರಿ ಅಜ್ಜಿ, ಅಂದೆ.
ನನ್ನದನ್ನೂ ಹಣೆಗೇರಿಸಿದೆ.
'ಎಲ್ಲಿ ನೋಡ್ಲವ್ವ?'
'ನನ್ ಕೈ ನೋಡಿ.'
'ಕೈಯೇ ಕಾಣಾಕಿಲ್ವಲ್ಲ ಮಗ!'
'ನಂಗೂ ನಿಮ್ ಮುಖ ಕಾಣಾಕಿಲ್ಲ.'
ಇಬ್ಬರಿಗೂ ನಗು. ನಗಬಾರದು;
ನಗುವ ಮುಖಕ್ಕೆ ಪಿಂಚಣಿ ಕೊಟ್ಟಾರೆಯೇ?
ತುಟಿ ಬಿಗಿದು, ಸದ್ದು ಬಂದ ಕಡೆ ತಿರುಗಿ ಕೂತರು.
ನಾನೂ ಸದ್ದು ಬಂದ ಕಡೆಗೇ ಒತ್ತಿದೆ.

ಚಿತ್ರದಲ್ಲಿ ಅವರು ನೋಡುತ್ತಿರುವುದು ಕ್ಯಾಮೆರಾವನ್ನಲ್ಲ,
ಅದಕ್ಕಿಂತ ಒಂಚೂರು ಮೇಲೆ,
ನನ್ನ ಮಾತು ನಿಂತಿದ್ದ ಜಾಗವನ್ನು.
ಮೂಗಿನ ಎರಡೂ ಬದಿಗೆ
ಐವತ್ತು ವರ್ಷ ಆಳದ ಗುಳಿ.
ಕನ್ನಡಕ ಏರಿಸಿಕೊಂಡು, ಬಾಗಿಲ ಬೆಳಕಿಗೆ ಹಿಡಿದು
ಬಹಳ ಹೊತ್ತು ನೋಡಿದರು.
ಬರಿಗಣ್ಣಿಗೆ ಕನ್ನಡಿ ಬರೀ ಹೊಗೆ;
ತನ್ನ ಬರಿಮುಖ ಎಂದು ಕಂಡಿದ್ದರೋ.
'ಇದ್ಯಾರವ್ವ?' ಅಂದರು.
'ನಮ್ಮವ್ವ ಇದ್ದಂಗವ್ಳೆ.'

ಮೂರನೆಯದೊಂದು ಪ್ರತಿ ಕೇಳಿದರು, ಮನೆಗೆ.
ಗಂಟು ಬಿಚ್ಚಿ ಎಣಿಸಿದರೆ ಹತ್ತು ರೂಪಾಯಿ ಕಮ್ಮಿ.
ಬಾಕಿ ಬರ್ಕೋ ಮಗ, ಅಂದರು.
ಮುಖವನ್ನಾದರೂ ಸರಿಯಾಗಿ ನೋಡೋಣವೆಂದು
ಮೇಜಿನ ಮೇಲೆಲ್ಲ ಕನ್ನಡಕ ತಡಕಿದೆ,
ಪುಸ್ತಕದ ಕೆಳಗೆ, ಕತ್ತರಿಯ ಪಕ್ಕ.
ಅಜ್ಜಿ ಕೈ ಚಾಚಿ
ನನ್ನ ಹಣೆಯಿಂದ ಅದನ್ನು ಮೆಲ್ಲಗೆ ಕೆಳಗಿಳಿಸಿದರು.